ಕೆಳಗಿನ ಓಣಿಗೆ ಜಂಬಣ್ಣ ಹಾಕಿದ ಒಡ್ಡು

ತಗ್ಗಿಹಾಳದ ಜಂಬಣ್ಣ ಹಾಕಿದ ಒಡ್ಡಿಗೆ ಏಡಿ ಕೂಡ ತೂತು ಕೊರೆಯಲಾರದು ಎಂಬ ಮಾತು ಗೊರೇಬಾಳದಿಂದ ಮುಕ್ಕುಂದದವರೆಗೂ ಪ್ರಸಿದ್ಧವಾಗಿತ್ತು. ಆ ಮಾತನ್ನು ಮೊದಲು ಹೇಳಿದವನು ಜಂಬಣ್ಣನೇ ಎಂಬುದು ಅಷ್ಟು ಪ್ರಸಿದ್ಧವಾಗಿರಲಿಲ್ಲ. ಹಾಗಂತ ಮಾತೇನೂ ಸುಳ್ಳಲ್ಲ. ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆಯಲ್ಲಿ ಮೂವತ್ತು ವರ್ಷದಿಂದ ಭತ್ತ ಬೆಳೆದ ಮನುಷ್ಯ. ಎರೆಮಣ್ಣನ್ನು ಹದವಾಗಿ ನೆನೆಸಿ, ಹಿಮ್ಮಡಿಯಿಂದ ತುಳಿದು, ಸಲಿಕೆಯ ಬೆನ್ನಿನಿಂದ ಸವರಿ ಒಡ್ಡು ಹಾಕಿದನೆಂದರೆ ಒಳಗಿನ ನೀರು ಹೊರಗೆ ಹೋಗುವ ಆಸೆಯನ್ನೇ ಬಿಟ್ಟುಬಿಡುತ್ತಿತ್ತು.

ಒಡ್ಡು ಮುಗಿದ ಮೇಲೆ ಅದರ ಮೇಲೆಯೇ ಕೂರುತ್ತಿದ್ದ. ಕೂತನೆಂದರೆ ಮುಗಿಯಿತು. ನಿಂತ ನೀರಿನಲ್ಲಿ ಮೋಡ ತೇಲುವುದನ್ನು ನೋಡುತ್ತ ನೋಡುತ್ತ ಕಣ್ಣು ಅರ್ಧ ಮುಚ್ಚುತ್ತಿತ್ತು, ಬಾಯಿ ಅರ್ಧ ತೆರೆಯುತ್ತಿತ್ತು. ತಾನು ಮೋಡದ ಮೇಲೆ ಬರಿಗಾಲಲ್ಲಿ ನಡೆದಂತೆ, ಗದ್ದೆಯ ತುಂಬ ಆಕಾಶವೇ ಬೆಳೆದು ನಿಂತಂತೆ, ಅದನ್ನು ಕೊಯ್ದು ಚೀಲಕ್ಕೆ ತುಂಬಿದಂತೆ ಏನೇನೋ ಕಾಣುತ್ತಿತ್ತು. ಇದನ್ನು ಯಾರಾದರೂ ನಿದ್ದೆ ಎಂದರೆ ಅವನಿಗೆ ಸಿಟ್ಟು. "ವಿಚಾರ ಮಾಡಾಕತ್ತೀನಿ" ಎನ್ನುತ್ತಿದ್ದ.

ಇಂಥ ವಿಚಾರವಂತನ ಹೆಂಡತಿ ಶಿವಬಸಮ್ಮ ಹೋದ ವರ್ಷ ಗಣೇಶನನ್ನು ನೀರಿಗೆ ಬಿಟ್ಟ ವಾರದಲ್ಲೇ ಮನೆ ಬಿಟ್ಟು ಮಸ್ಕಿಯ ಅಣ್ಣನ ಮನೆಗೆ ಹೋಗಿಬಿಟ್ಟಿದ್ದಳು. ಅದಕ್ಕೂ ಕಾರಣ ನೀರೇ.

ಜಂಬಣ್ಣನ ಮನೆ ಇರುವುದು ಊರಿನ ಕೆಳಗಿನ ಓಣಿಯಲ್ಲಿ. ಹನ್ನೊಂದು ಮನೆಗಳ ಓಣಿ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಎತ್ತರದ ರಸ್ತೆ, ನಡುವೆ ಊಟದ ತಟ್ಟೆಯ ಹಾಗೆ ತಗ್ಗು. ಸಿಮೆಂಟ್ ರಸ್ತೆ ಮೇಲಿನ ಓಣಿಯವರೆಗೆ ಬಂದು, ಕೆಳಗೆ ಇಣುಕಿ ನೋಡಿ, ಅಲ್ಲಿಯೇ ನಿಂತುಬಿಟ್ಟಿತ್ತು. ದೊಡ್ಡ ಮಳೆಯಾದರೆ ಮೇಲಿನ ನೀರೂ ಹಳ್ಳದ ನೀರೂ ಮೊದಲೇ ಮಾತಾಡಿಕೊಂಡವರಂತೆ ಇಲ್ಲಿಗೇ ಬಂದು ಸೇರುತ್ತಿದ್ದವು. ಹೋದ ವರ್ಷ ಹಾಗೆ ಬಂದ ನೀರು ಅಡಿಗೆಮನೆಗೆ ನುಗ್ಗಿ ಜೋಳದ ಹಿಟ್ಟಿನ ಡಬ್ಬಿಯನ್ನು ತೇಲಿಸಿತು. ದೇವರ ಜಗುಲಿಯ ಮುಂದೆ ಒಂದು ಕಪ್ಪೆ ಬಂದು, ಪೂಜೆಗೆ ಕೂತವರ ಹಾಗೆ ಕೂತಿತು. ಮೊಣಕಾಲುದ್ದದ ನೀರಿನಲ್ಲಿ ನಿಂತು ಶಿವಬಸಮ್ಮ ಬೋಗುಣಿಯಿಂದ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಾಗ, ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಜಂಬಣ್ಣ ಬಹಳ ಹೊತ್ತು ವಿಚಾರ ಮಾಡಿ ಹೇಳಿದ: "ನೋಡಬೇ, ಮನ್ಯಾಗ ಕುಂತು ಹೊಳಿ ನೋಡಿದಂಗ ಆಕೈತಿ."

ಶಿವಬಸಮ್ಮ ಬೋಗುಣಿಯನ್ನು ಕೆಳಗಿಟ್ಟಳು. ಅದು ತೇಲಿಹೋಯಿತು. ಮರುದಿನ ಅವಳೂ ಹೋದಳು.

ಅಂದಿನಿಂದ ಒಂದು ವರ್ಷ ಜಂಬಣ್ಣ ತಾನೇ ರೊಟ್ಟಿ ಬಡಿದುಕೊಂಡು ತಿಂದ. ಆ ರೊಟ್ಟಿಗಳ ಬಗ್ಗೆ ಹೆಚ್ಚು ಹೇಳುವುದು ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಿದಂತಾಗುತ್ತದೆ. ಮನೆಯಲ್ಲಿ ಯಾರೂ ಬೈಯದೆ ಅವನಿಗೆ ವಿಚಾರ ಕೂಡ ಸರಿಯಾಗಿ ಬರುತ್ತಿರಲಿಲ್ಲ. ಕನಸು ಬಿದ್ದರೂ ಅದರೊಳಗೆ ಶಿವಬಸಮ್ಮ ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ಅವಳು ಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು, ಬಹಳ ಅನ್ನಿಸುತ್ತಿತ್ತು.

ಹೀಗಿರುವಾಗ ಸಿಂಧನೂರಿನಲ್ಲಿ ಒಂದು ತರಬೇತಿ ಏರ್ಪಾಟಾಯಿತು. ಮನೆಗೂ ಓಣಿಗೂ ನೆರೆ ನುಗ್ಗದಂತೆ ತಡೆಯುವುದು ಹೇಗೆ ಎಂಬುದು ವಿಷಯ. ಓಣಿಗೊಬ್ಬರು ಬರಬೇಕೆಂದು ಹೇಳಿ ಕಳಿಸಿದರು. ನಾಟಿಯ ಕಾಲ, ಊರಿನಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ನಾಟಿ ಹಚ್ಚುವ ಹೆಂಗಸರ ಗುಂಪು ಕಟ್ಟಿಕೊಂಡು ಗದ್ದೆ ಗದ್ದೆ ತಿರುಗುವ ಪಕ್ಕದ ಮನೆಯ ಆದಮ್ಮ ಹೇಳಿದಳು: "ಜಂಬಣ್ಣ ಕಾಕಾನ್ನ ಕಳಸ್ರಿ. ಆತ ಗದ್ದ್ಯಾಗ ಇದ್ರೂ ಅಷ್ಟ, ಸಿಂಧನೂರಾಗ ಇದ್ರೂ ಅಷ್ಟ."

ಹೀಗೆ ಸರ್ವಾನುಮತದಿಂದ ಆಯ್ಕೆಯಾದ ಜಂಬಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತರಬೇತಿಗೆ ಹೋದ. ಪಾಠ ಹೇಳಿದವರು ರಾಜಶ್ರೀ ಎಂಬ ಇಂಜಿನಿಯರ್ ಮೇಡಂ. ಊಟಕ್ಕೆ ಮೊದಲು ಅವರು, ಹೊರಗಿನ ನೀರು ಒಳಗೆ ಬರದಂತೆ ಓಣಿಯ ತಗ್ಗಿನ ಕಡೆ ಒಡ್ಡು ಹಾಕಬೇಕು, ಹಳ್ಳ ಏರಿದಾಗ ಗಟಾರದ ಬಾಯಿಂದ ನೀರು ಹಿಂದಕ್ಕೆ ನುಗ್ಗುತ್ತದೆ, ಅದನ್ನು ತಡೆಯಬೇಕು ಎಂದು ಚಿತ್ರ ಹಾಕಿ ತೋರಿಸಿದರು. ಜಂಬಣ್ಣ ಎದ್ದು ನಿಂತು, ಒಡ್ಡಿಗೆ ಎಂಥ ಮಣ್ಣು ಬೇಕು ಎಂದು ಮೇಡಂಗೇ ಹತ್ತು ನಿಮಿಷ ಪಾಠ ಹೇಳಿ ಕೂತ. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಊಟವಾಯಿತು. ಪಲಾವ್ ಇತ್ತು, ಮೇಲೆ ಫ್ಯಾನ್ ಇತ್ತು. ಊಟದ ನಂತರ ಮೇಡಂ, ಒಡ್ಡಿನ ಒಳಗೆ ಬಿದ್ದ ಮಳೆ ಹೊರಗೆ ಹೋಗಲು ದಾರಿ ಇಡುವುದು ಒಡ್ಡಿಗಿಂತ ಮುಖ್ಯ ಎಂದು ಮೂರು ಸಲ ಹೇಳಿದರು. ಮೂರು ಸಲವೂ ಬೋರ್ಡಿನ ಮೇಲೆ ಕೋಲಿನಿಂದ ಬಡಿದು ಹೇಳಿದರು. ಆ ಹೊತ್ತಿಗೆ ಜಂಬಣ್ಣ ಸಿಂಧನೂರಿನಲ್ಲಿ ಇರಲಿಲ್ಲ. ಅವನು ತನ್ನ ಓಣಿಯ ಬಾಯಲ್ಲಿ ನಿಂತಿದ್ದ. ಓಣಿ ಒಣಗಿ ಬೆಳ್ಳಗೆ ಹೊಳೆಯುತ್ತಿತ್ತು. ಶಿವಬಸಮ್ಮ ಮಸ್ಕಿಯ ಕಡೆಯಿಂದ ನಡೆದು ಬರುತ್ತಿದ್ದಳು, ಈ ಸಲ ಬೆನ್ನಲ್ಲ, ಮುಖ ಕಾಣುತ್ತಿತ್ತು, ಅವಳ ಕಾಲಿಗೆ ಧೂಳು ಮಾತ್ರ ಹತ್ತಿತ್ತು. ಇನ್ನೇನು ಅವಳು ಬಾಯಿ ತೆರೆದು ಬೈಯಬೇಕು, ಅಷ್ಟರಲ್ಲಿ ಮತ್ತೊಮ್ಮೆ ಚಪ್ಪಾಳೆ ಕೇಳಿಸಿತು. ಯಾರೋ ಭುಜ ಅಲುಗಿಸಿ ಅವನ ಕೈಗೆ ಸರ್ಟಿಫಿಕೇಟ್ ಕೊಟ್ಟರು.

ಊರಿಗೆ ಮರಳಿದ ಜಂಬಣ್ಣ ಮೊದಲಿನ ಜಂಬಣ್ಣನಾಗಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಡೆಯತೊಡಗಿದ. ಯಾರಾದರೂ ನಮಸ್ಕಾರ ಎಂದರೆ ಮೊದಲು ಆಕಾಶ ನೋಡಿ, ಆಮೇಲೆ ನಮಸ್ಕಾರ ಎನ್ನುತ್ತಿದ್ದ. ಓಣಿಯವರನ್ನು ಸೇರಿಸಿ, ಸರ್ಟಿಫಿಕೇಟನ್ನು ಎಲ್ಲರ ಮುಂದೆ ಒಂದು ಸುತ್ತು ತೋರಿಸಿ, ಕೆಲಸ ಶುರುಮಾಡಿಸಿದ.

ಕೆಲಸವೇನೂ ಯಾರಿಗೂ ಹೊಸದಲ್ಲ. ಇಡೀ ಓಣಿ ಹುಟ್ಟಿದಾಗಿನಿಂದ ಗದ್ದೆಯಲ್ಲಿ ನೀರು ಹಿಡಿದಿಡುವುದನ್ನೇ ಕಲಿತದ್ದು. ಟ್ರ್ಯಾಕ್ಟರ್ ರಿಪೇರಿಯ ಇಸ್ಮಾಯಿಲ್‌ಸಾಬ್ ಎರಡು ದಿನ ಅಂಗಡಿ ಮುಚ್ಚಿ ಟ್ರೇಲರ್‌ನಲ್ಲಿ ಎರೆಮಣ್ಣು ತಂದು ಸುರಿದ. ಗಂಡಸರು ಕೆತ್ತಿದರು, ಹೆಂಗಸರು ಹೊತ್ತರು, ಮುದುಕರು ಹೀಗಲ್ಲ ಹಾಗೆ ಎಂದು ಕೂಗಿದರು, ಎಲ್ಲರೂ ತುಳಿದರು. ಹಳ್ಳದ ಕಡೆ ಎದೆಮಟ್ಟದ ಒಡ್ಡು ಎದ್ದಿತು. ಅಷ್ಟಕ್ಕೇ ಬಿಡುವವನೇ ಜಂಬಣ್ಣ? ಓಣಿಯ ಎರಡೂ ತುದಿಗೆ ಹಾಕಿಸಿದ, ರಸ್ತೆಯ ಕಡೆಗೂ ಹಾಕಿಸಿದ. ಕೊನೆಗೆ ಉಳಿದದ್ದು ಓಣಿಯ ನೀರು ಹಳ್ಳಕ್ಕೆ ಹರಿಯುವ ಕಚ್ಚಾ ಗಟಾರದ ಬಾಯಿ. ಗದ್ದೆಯವನ ಕಣ್ಣಿಗೆ ಅದು ಏಡಿ ಕೊರೆದ ತೂತಿನಂತೆಯೇ ಕಂಡಿತು. ಅದಕ್ಕೂ ಮೂರು ಬುಟ್ಟಿ ಮಣ್ಣು ಜಡಿದು, ಸಲಿಕೆಯ ಬೆನ್ನಿನಿಂದ ನುಣ್ಣಗೆ ಸವರಿ, ಹಿಂದೆ ಸರಿದು ನಿಂತು ನೋಡಿದ. ಅವನ ಕಣ್ಣಲ್ಲಿ ನೀರು ಬಂತು. ಇಂಥ ಒಡ್ಡನ್ನು ಅವನು ಜನ್ಮದಲ್ಲಿ ಹಾಕಿರಲಿಲ್ಲ.

ಆದಮ್ಮ ಮಾತ್ರ ಬುಟ್ಟಿ ಕೆಳಗಿಟ್ಟು ಕೇಳಿದಳು: "ಕಾಕಾ, ಸುತ್ತಲಿಂದ ಬರೋ ನೀರು ನಿಂತಾವ ಅನ್ನು. ಮ್ಯಾಲಿಂದ ಬೀಳೋದು?"

ಜಂಬಣ್ಣ ಸ್ವಲ್ಪ ಹೊತ್ತು ಅವಳನ್ನು ಕರುಣೆಯಿಂದ ನೋಡಿದ. "ಮ್ಯಾಲಿಂದ ಬೀಳೋದು ಮಳಿ, ಆದಮ್ಮ. ನಾವು ತಡಿಯಾಕತ್ತಿದ್ದು ನೆರಿ. ಎರಡಕ್ಕೂ ಫರಕ್ ಐತಿ. ತರಬೇತ್ಯಾಗ ಹೇಳ್ಯಾರ."

ತರಬೇತಿಯ ಮಾತು ಬಂದ ಮೇಲೆ ಯಾರೂ ಎದುರಾಡಲಿಲ್ಲ. ಅಂದು ಸಂಜೆಯೇ ಜಂಬಣ್ಣ ಮಸ್ಕಿಗೆ ಫೋನ್ ಹಚ್ಚಿದ.

"ಬಂದುಬಿಡಬೇ. ಇನ್ನ ಮನಿಗೆ ನೀರು ಬರಂಗಿಲ್ಲ."

"ಯಾರು ಹೇಳ್ಯಾರ?" ಎಂದಳು ಶಿವಬಸಮ್ಮ.

"ನಾನೇ ಹೇಳಾಕತ್ತೀನಿ. ಸರ್ಟಿಫಿಕೇಟ್ ಐತಿ."

ಶಿವಬಸಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಒಂದು ದೊಡ್ಡ ಮಳಿ ಆಗ್ಲಿ. ಆದ ಮರುದಿನ ನಾ ಬರ್ತೀನಿ. ಹೊಸ್ತಿಲ ಒಳಗ ಒಣಗಿದ್ರ ಇರ್ತೀನಿ. ಒಂದು ಹನಿ ಒಳಗ ಬಂದಿತ್ತಂದ್ರ, ಬಂದ ಆಟೋದಾಗ ತಿರುಗಿ ಹೋಗ್ತೀನಿ. ಆಮ್ಯಾಲ ನೀವು ಮಸ್ಕಿಗೆ ಫೋನ್ ಹಚ್ಚಬ್ಯಾಡ್ರಿ. ನಂದೂ ವಯಸ್ಸಾತು. ವರ್ಷಾ ವರ್ಷಾ ನೀರು ಚೆಲ್ಲಾಕ ಶಕ್ತಿ ಇಲ್ಲ ನನಗ."

ಜಂಬಣ್ಣ ಫೋನ್ ಇಟ್ಟು ಆಕಾಶದ ಕಡೆ ನೋಡಿದ. ಜಗತ್ತಿನ ಗಂಡಸರೆಲ್ಲ ಹೆಂಡತಿಗಾಗಿ ಕಾಯುತ್ತಾರೆ. ಜಂಬಣ್ಣ ಮೋಡಕ್ಕಾಗಿ ಕಾದ.

ಹನ್ನೆರಡನೆಯ ದಿನ ಮಧ್ಯಾಹ್ನ ಮೋಡ ಬಂತು. ಸುಮ್ಮನೆ ಬರಲಿಲ್ಲ, ಒಂದು ವರ್ಷದ ಬಾಕಿಯನ್ನೆಲ್ಲ ಕಟ್ಟಿಕೊಂಡು ಬಂತು. ಒಂದು ತಾಸಿನಲ್ಲಿ ಹಳ್ಳ ಕೆಂಪಗೆ ಉಕ್ಕಿ ಒಡ್ಡಿನ ಬುಡಕ್ಕೆ ಬಂತು. ರಸ್ತೆಯ ಕಡೆಯಿಂದಲೂ ನೀರು ಓಡಿ ಬಂತು. ಎರಡೂ ಒಡ್ಡನ್ನು ಮುಟ್ಟಿದವು, ತಡವಿದವು, ದಾರಿ ಹುಡುಕಿದವು. ಒಂದು ಹನಿಗೂ ದಾರಿ ಸಿಗಲಿಲ್ಲ. ಓಣಿಯವರು ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತು ಜಂಬಣ್ಣನನ್ನು ನೋಡಿದರು. ಇಸ್ಮಾಯಿಲ್‌ಸಾಬ್ ಅವನ ಎರಡೂ ಕೈ ಹಿಡಿದು, "ಜಂಬಣ್ಣೋರ, ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕ್ರಿ" ಎಂದ. ಜಂಬಣ್ಣ ಅಲ್ಲಿಂದಲೇ ಮಸ್ಕಿಗೆ ಫೋನ್ ಹಚ್ಚಿ, "ನಾಳೆ ಬಾ" ಎಂದ.

ಸಂಜೆಯ ಹೊತ್ತಿಗೆ ಇಸ್ಮಾಯಿಲ್‌ಸಾಬ್ ಮತ್ತೆ ಬಂದ. ಅವನ ಪೈಜಾಮ ಮೊಣಕಾಲಿನವರೆಗೆ ಮಡಚಿತ್ತು.

"ಜಂಬಣ್ಣೋರ, ಒಂದು ಮಾತು. ಹೊರಗ ನೀರು ಇಳಿಯಾಕತ್ತೈತಿ."

"ಇಳೀಲೇಬೇಕು."

"ಒಳಗ ಏರಾಕತ್ತೈತಿ."

ಖರೆಯೇ. ಮಳೆ ಇನ್ನೂ ಬೀಳುತ್ತಿತ್ತು. ಹನ್ನೊಂದು ಮಾಳಿಗೆಯ ನೀರು, ಅಂಗಳದ ನೀರು, ಆಕಾಶದ ನೀರು ಎಲ್ಲ ಓಣಿಯೊಳಗೆ ಬಿದ್ದು, ಹೊರಗೆ ಹೋಗಲು ಒಡ್ಡಿನ ಹತ್ತಿರ ಬಂದು, ಜಂಬಣ್ಣನ ಕೈಗೆಲಸ ನೋಡಿ ಹಿಂದಕ್ಕೆ ಹೋಗುತ್ತಿತ್ತು. ಎಲ್ಲರೂ ಒಡ್ಡು ಒಡೆಯೋಣ ಎಂದರು. ಜಂಬಣ್ಣ ಅಡ್ಡ ನಿಂತ. ಈಗ ಒಡೆದರೆ ಹಳ್ಳ ಒಳಗೆ ಬರುತ್ತದೆ, ಇಷ್ಟು ದಿನದ ಕೆಲಸ ಮಣ್ಣಾಗುತ್ತದೆ ಎಂದ. ಅದೂ ಆ ಹೊತ್ತಿಗೆ ಸುಳ್ಳೇನಲ್ಲ, ಇಳಿಯುತ್ತಿದ್ದರೂ ಹಳ್ಳ ಇನ್ನೂ ಓಣಿಗಿಂತ ಎತ್ತರದಲ್ಲಿತ್ತು. ಒಡೆದರೆ ಆ ನೀರು, ಬಿಟ್ಟರೆ ಈ ನೀರು. ಓಣಿಯವರು ಚೀಲ ಮೂಟೆಗಳನ್ನು ಅಟ್ಟಕ್ಕೇರಿಸಿ ಸುಮ್ಮನಾದರು.

ಬೆಳಗಾಗುವ ಹೊತ್ತಿಗೆ ಮಳೆ ನಿಂತಿತ್ತು. ಜಂಬಣ್ಣ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತವನು ಹಾಗೆಯೇ ಕೂತುಬಿಟ್ಟ.

ಓಣಿ ಇರಲಿಲ್ಲ. ಇದ್ದದ್ದು ಆಕಾಶ. ಈ ತುದಿಯಿಂದ ಆ ತುದಿಗೆ ಒಂದು ಸುಕ್ಕೂ ಇಲ್ಲದ ನೀರು, ಅದರಲ್ಲಿ ತಿಳಿಗುಲಾಬಿ ಮೋಡಗಳು, ಮೋಡಗಳ ನಡುವೆ ತಲೆಕೆಳಗಾಗಿ ನಿಂತ ಹನ್ನೊಂದು ಮನೆ. ಇಸ್ಮಾಯಿಲ್‌ಸಾಬನ ಅಂಗಡಿಯ ಮುಂದೆ ರಿಪೇರಿಗೆ ಬಂದ ಟ್ರ್ಯಾಕ್ಟರ್ ಮೋಡವನ್ನು ಉಳಲು ಹೊರಟಂತೆ ನಿಂತಿತ್ತು. ಎಲ್ಲಿಂದಲೋ ಏಳೆಂಟು ಬೆಳ್ಳಕ್ಕಿಗಳು ಬಂದು ಅವನ ಅಂಗಳದಲ್ಲಿ ಇಳಿದು, ಒಂದೊಂದೇ ಕಾಲು ಎತ್ತಿ ಇಟ್ಟು ನಡೆಯುತ್ತಿದ್ದವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮನೆ ಮನೆಯ ಹೊಸ್ತಿಲ ಮೇಲೆ ಜನ ಕಾಲು ನೀರಿಗೆ ಇಳಿಬಿಟ್ಟು, ಚಹಾ ಹಿಡಿದು, ಎಚ್ಚರವಾಗದವರಂತೆ ಕೂತಿದ್ದರು. ಜಂಬಣ್ಣನಿಗೆ ಒಂದು ಗಳಿಗೆ ಎಲ್ಲ ಮರೆತುಹೋಯಿತು. ಇಷ್ಟು ಚಂದದ ಗದ್ದೆ ಯಾರದ್ದು ಎಂದು ಕೂಡ ಅಂದುಕೊಂಡ.

ಆಮೇಲೆ ಕೆಳಗೆ ನೋಡಿದ. ನೀರು ಹೊಸ್ತಿಲಿನ ಅಂಚಿಗಿಂತ ಒಂದೇ ಬೆರಳು ಕೆಳಗಿತ್ತು. ಒಳಗೆ ನೆಲ ಒಣಗಿತ್ತು. ಒಂದು ಬೆರಳು. ಶಿವಬಸಮ್ಮ ಮಧ್ಯಾಹ್ನಕ್ಕೆ ಬರುವವಳು. ಪಡುವಣ ದಿಕ್ಕಿನಲ್ಲಿ ಮತ್ತೆ ಕಪ್ಪು ಕಟ್ಟುತ್ತಿತ್ತು.

ಹತ್ತು ಗಂಟೆಗೆ ಆದಮ್ಮ ತನ್ನ ಗುಂಪಿನ ಐದು ಹೆಂಗಸರೊಡನೆ ಒಡ್ಡಿನ ಮೇಲೆ ಬಂದು ನಿಂತಳು. ನಾಟಿ ಹಚ್ಚಿ ಉಳಿದ ಭತ್ತದ ಸಸಿಯ ಕಟ್ಟುಗಳು ಅವರ ತಲೆಯ ಮೇಲಿದ್ದವು. ಮನೆಗೆ ಹೋಗಬೇಕೆಂದರೆ ನೀರಿಗಿಳಿಯಬೇಕು. ಇಳಿದರು. ಕಾಲಿಗೆ ಕೆಸರು ತಾಕಿದ ಕೂಡಲೇ ಆರೂ ಸೊಂಟಗಳು ತಾವಾಗಿ ಬಗ್ಗಿದವು.

"ಎಷ್ಟು ಸಮ ಐತಿ ನೋಡ್ರೇ ನೀರು" ಎಂದಳು ಆದಮ್ಮ. "ಸಸಿ ಒಣಗಿ ಹೋಗ್ತಾವ. ನಾಳೆತನಕ ಇಲ್ಲೇ ಚುಚ್ಚಿಡೂಣು."

ನಾಳೆತನಕ ಚುಚ್ಚಿಡುವುದಾದರೆ ಒಂದು ಮೂಲೆಯಲ್ಲಿ ಚುಚ್ಚಿದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷದ ಕೈ ಕೇಳಬೇಕಲ್ಲ. ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಒಬ್ಬಳು ಎತ್ತಿದ ಹಾಡಿಗೆ ಉಳಿದವರು ದನಿ ಸೇರಿಸುತ್ತ, ಅವರು ಇಸ್ಮಾಯಿಲ್‌ಸಾಬನ ಅಂಗಡಿಯಿಂದ ಜಂಬಣ್ಣನ ಬಾಗಿಲಿನವರೆಗೆ ಸಾಲು ಹಿಡಿದು ನಾಟಿ ಹಚ್ಚಿ ಮುಗಿಸಿದರು. ಬೆಳ್ಳಕ್ಕಿಗಳು ಅವರ ಹಿಂದೆಯೇ ನಡೆದವು. ಹಾಡು ನೀರಿನ ಮೇಲೆ ತೇಲಿ ಎಲ್ಲ ಮನೆಗೂ ಹೋಯಿತು. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಕಂಡದ್ದು ಕಾಲುವೆಯ ಗ್ಯಾಂಗ್‌ಮನ್ ವಿರೂಪಾಕ್ಷಪ್ಪನಿಗೆ. ಯಾರು ಕದ್ದು ಕಾಲುವೆ ನೀರು ತಿರುಗಿಸಿಕೊಂಡಿದ್ದಾರೆ ಎಂದು ಬೈಕಿನ ಮೇಲೆ ತಿರುಗಿ ನೋಡುವುದೇ ಅವನ ಕೆಲಸ. ರಸ್ತೆಯ ಮೇಲೆ ಗಕ್ಕನೆ ಬೈಕ್ ನಿಲ್ಲಿಸಿದ.

"ಯಾರ್ದು ಇದು ಗದ್ದಿ?"

"ಗದ್ದಿ ಅಲ್ಲೋ ತಮ್ಮಾ, ಓಣಿ" ಎಂದ ಜಂಬಣ್ಣ.

ವಿರೂಪಾಕ್ಷಪ್ಪ ಒಂದೊಂದಾಗಿ ನೋಡಿದ. ಒಡ್ಡು ಇತ್ತು. ನೀರು ಇತ್ತು. ನಾಟಿ ಇತ್ತು. ಬೆಳ್ಳಕ್ಕಿ ಇತ್ತು. "ಹದಿನೆಂಟು ವರ್ಷ ಕಾಲುವಿ ಮ್ಯಾಲ ತಿರುಗೀನಿ. ನನಗ ಗದ್ದಿ ಗುರುತಾಗಂಗಿಲ್ಲೇನು? ಈ ಗದ್ದಿ ನಮ್ಮ ನಕಾಶೆದಾಗ ಇಲ್ಲ. ಕದ್ದು ನೀರು ಹಾಯಿಸೀರಿ."

"ಅಲ್ರೀ, ಇಲ್ಲಿ ಮನಿ ಅದಾವ ನೋಡ್ರಿ, ಹನ್ನೊಂದು" ಎಂದ ಇಸ್ಮಾಯಿಲ್‌ಸಾಬ್.

"ಗದ್ದ್ಯಾಗ ಮನಿ ಕಟ್ಟೀರಿ. ಅದು ಬ್ಯಾರೆ ತಪ್ಪು."

"ನನ್ನ ಗದ್ದ್ಯಾಗ ವೆಲ್ಡಿಂಗ್ ಮಷಿನ್ ಐತ್ರಿ ಸಾಹೇಬ್ರ."

"ಬೆಳಿ ಜೋಡಿ ಅದನ್ನೂ ಬರಕೊಂತೀನಿ" ಎಂದು ವಿರೂಪಾಕ್ಷಪ್ಪ ನಾಕೂ ಕಡೆಯಿಂದ ಫೋಟೊ ಹೊಡೆದ.

ಇಷ್ಟರಲ್ಲಿ ಸುದ್ದಿ ಕೇಳಿ ಪಂಚಾಯಿತಿಯ ಕಾರ್ಯದರ್ಶಿ ಬಂದರು. ಓಣಿಯವರಿಗೆ ಜೀವ ಬಂದಂತಾಯಿತು. ಇವರಾದರೂ ಇದು ಓಣಿ ಎಂದು ಹೇಳಬಹುದಲ್ಲ. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು ನೋಡಿದರು. ಕೆಳಗಿನ ಓಣಿಗೆ ಪಕ್ಕಾ ಗಟಾರ ಬೇಕೆಂದು ಬಂದ ಹದಿನಾರು ಅರ್ಜಿಗಳು ಅವರ ಕಪಾಟಿನಲ್ಲಿದ್ದವು. ಇದು ಗದ್ದೆ ಎಂದಾದರೆ ಗದ್ದೆಗೆ ಗಟಾರವೆಲ್ಲಿಂದ ಬರಬೇಕು? ಅವರ ಮುಖ ನಿಧಾನವಾಗಿ ಅರಳಿತು.

"ಮೇಲ್ನೋಟಕ್ಕೆ ಗದ್ದೆಯಂಗೇ ಕಾಣ್ತದ" ಎಂದರು. "ನಾಳೆ ಸಿಂಧನೂರಿನಿಂದ ಸಾಹೇಬ್ರು ಬಂದು ಪಂಚನಾಮೆ ಮಾಡ್ಲಿ. ಅಲ್ಲಿತನಕ ಯಾರೂ ಒಡ್ಡು ಮುಟ್ಟಬಾರದು. ನೀರು ಹಿಂಗೇ ಇರಬೇಕು."

ಜಂಬಣ್ಣ ಪಡುವಣಕ್ಕೆ ತಿರುಗಿ ನೋಡಿದ. ನಾಳೆ ಎಂದರೆ? ಪಡುವಣದ ಮೋಡ ಆಗಲೇ ಅರ್ಧ ಆಕಾಶ ನುಂಗಿತ್ತು. ಇನ್ನೊಂದು ಸಣ್ಣ ಮಳೆ ಬಂದರೂ ಆ ಒಂದು ಬೆರಳು ಮುಗಿದು ನೀರು ಹೊಸ್ತಿಲು ದಾಟುತ್ತದೆ. ಜನ್ಮದಲ್ಲಿ ಮೊದಲ ಸಲ ಅವನಿಗೆ ನಿಂತ ನೀರು ನೋಡಿ ಭಯವಾಯಿತು.

ಅದೇ ಹೊತ್ತಿಗೆ ರಸ್ತೆಯ ಮೇಲೆ ಒಂದು ಆಟೊ ಬಂದು ನಿಂತಿತು. ಶಿವಬಸಮ್ಮ ಇಳಿದಳು. ಚೀಲವನ್ನು ಇಳಿಸಲಿಲ್ಲ. "ನಿಂದ್ರಪಾ, ಬಂದೆ" ಎಂದು ಆಟೊದವನಿಗೆ ಹೇಳಿ ಒಡ್ಡಿನ ಮೇಲೆ ಬಂದು ನಿಂತಳು.

ಶಿವಬಸಮ್ಮ ನೀರು ನೋಡಿದಳು, ಸಸಿ ನೋಡಿದಳು, ತನ್ನ ಅಂಗಳದಲ್ಲಿ ನಿಂತ ಬೆಳ್ಳಕ್ಕಿಯನ್ನು ನೋಡಿದಳು. ಕೊನೆಗೆ ಧೋತರ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಡೆದು ಬರುತ್ತಿದ್ದ ಗಂಡನನ್ನು ನೋಡಿದಳು.

"ಹೊರಗಿನ ನೀರು ಒಂದು ಹನಿ ಬಂದಿಲ್ಲ ಬೇ" ಎಂದ ಜಂಬಣ್ಣ ಏದುಸಿರು ಬಿಡುತ್ತ. "ಇದೆಲ್ಲ ನಮ್ಮದೇ ನೀರು."

"ಹೊಸ್ತಿಲ ದಾಟೈತೇನು?"

"ಇಲ್ಲ. ಇನ್ನೂ ಒಂದು ಬೆರಳು ಐತಿ."

ಶಿವಬಸಮ್ಮ ಮೋಡದ ಕಡೆ ಒಮ್ಮೆ ನೋಡಿ ಕೇಳಿದಳು: "ಬಾಯಿ ಎಲ್ಲಿ ಇಟ್ಟೀರಿ?"

"ಯಾವ ಬಾಯಿ?"

"ಹೆಚ್ಚಾದ ನೀರು ಬಿಡಾಕ. ಒಡ್ಡಿಗೆ ಬಾಯಿ ಬ್ಯಾಡೇನು?"

ಜಂಬಣ್ಣನಿಗೆ ಖರೆಯೇ ಅರ್ಥವಾಗಲಿಲ್ಲ. "ನಮ್ಮ ಗದ್ದ್ಯಾಗೂ ನಾ ಎಂದೂ ಬಾಯಿ ಇಟ್ಟಿಲ್ಲಲ್ಲಬೇ. ಮೂವತ್ತು ವರ್ಷ ನೀರು ತಾನೇ ಬರೋಬ್ಬರಿ ನಿಂತೈತಿ."

ಆದಮ್ಮನ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಶಿವಬಸಮ್ಮ ನಗಲಿಲ್ಲ. ಅವಳು ಗಂಡನನ್ನು ಬಹಳ ಹೊತ್ತು, ಹೊಸದಾಗಿ ಕಂಡವರಂತೆ ನೋಡಿದಳು.

"ತಾನೇ ನಿಂತೈತಿ?" ಎಂದಳು ಮೆಲ್ಲಗೆ. "ನೀವು ಒಡ್ಡಿನ ಮ್ಯಾಲ ಕುಂತು ಕಣ್ಣು ಮುಚ್ಚಿದ ಕೂಡ್ಲೇ ಬಾಯಿ ಕೊರದು, ಹೆಚ್ಚಿನ ನೀರು ಬಿಟ್ಟು, ನೀವು ಏಳೂದ್ರಾಗ ಮುಚ್ಚಿ ಸವರತಿದ್ದಾಕಿ ಯಾರು ಅಂತ ತಿಳದೀರಿ?"

ಅವಳು ಹೋದ ಮೇಲೆ ಗದ್ದೆಯಲ್ಲಿ ಭತ್ತ ಬುಡ ಕೊಳೆತು ಮಲಗಿತ್ತು. ಬೀಜವೇ ಸರಿಯಿಲ್ಲ ಎಂದು ಜಂಬಣ್ಣ ಬೀಜದ ಅಂಗಡಿಯವನ ಜೊತೆ ಜಗಳವಾಡಿ ಬಂದಿದ್ದ. ಈಗ ತಿಳಿಯಿತು.

"ಹೇಳಬೇಕಿಲ್ಲೇನು ಬೇ" ಎಂದ.

"ಎಬ್ಬಿಸಿ ಹೇಳ್ಬೇಕಿತ್ತು. ಮನಸು ಬರಲಿಲ್ಲ" ಎಂದಳು ಶಿವಬಸಮ್ಮ. ಆಮೇಲೆ ಸೆರಗು ಸಿಕ್ಕಿಸಿ ಆದಮ್ಮನ ಕಡೆ ಕೈ ಚಾಚಿದಳು. "ಸಲಿಕಿ ಕೊಡು."

ವಿರೂಪಾಕ್ಷಪ್ಪ ಓಡಿ ಬಂದ. "ಅಮ್ಮಾ, ಮುಟ್ಟಂಗಿಲ್ರಿ. ಪಂಚನಾಮೆ ಆಗಬೇಕು."

"ಇದು ಏನಪಾ? ಗದ್ದಿಯೋ ಓಣಿಯೋ?"

"ಗದ್ದಿ" ಎಂದ ಅವನು ಗಟ್ಟಿಯಾಗಿ.

"ಗದ್ದಿ ಆದ್ರ ನಮ್ಮ ಗದ್ದಿ ನೀರು ನಾವು ಹೊರಗ ಬಿಡಾಕತ್ತೀವಿ. ಬ್ಯಾಡಂತ ಯಾವ ಕಾಲುವಿಯವ್ರು ಅಂತಾರ? ಕದ್ದೀವಿ ಅಂತೀ, ತಿರುಗಿ ಕೊಡಾಕತ್ತೀವಿ ತಗೋ. ಓಣಿ ಆದ್ರ ನೀ ಇಲ್ಲಿ ಯಾಕ ನಿಂತೀ? ಕಾಲುವಿ ಆ ಕಡೆ ಐತಿ." ಕಾರ್ಯದರ್ಶಿಗಳ ಕಡೆ ತಿರುಗಿದಳು. "ನೀವ್ರೀ? ಗದ್ದಿ ಅಂದ್ರ ನಿಮಗಿಲ್ಲಿ ಕೆಲಸಿಲ್ಲ. ಓಣಿ ಅಂದ್ರ ಪಕ್ಕಾ ಗಟಾರ ಎಲ್ಲಿ?"

ವಿರೂಪಾಕ್ಷಪ್ಪ ಕಾರ್ಯದರ್ಶಿಗಳನ್ನು ನೋಡಿದ. ಕಾರ್ಯದರ್ಶಿಗಳು ಗಡಿಯಾರ ನೋಡಿದರು. ಇಬ್ಬರಿಗೂ ಬೇರೆ ಊರಲ್ಲಿ ತುರ್ತು ಕೆಲಸ ನೆನಪಾಯಿತು.

ಶಿವಬಸಮ್ಮ ಚಪ್ಪಲಿ ಬಿಟ್ಟು ಹಳ್ಳದ ಕಡೆಯ ಒಡ್ಡಿನ ಮೇಲೆ ಬರಿಗಾಲಲ್ಲಿ ನಡೆದಳು. ಹಳ್ಳ ಎಷ್ಟು ಇಳಿದಿದೆ ಎಂದು ಬಗ್ಗಿ ನೋಡಿದಳು. ನಡೆದು ನಡೆದು, ಗಂಡ ಮೂರು ಬುಟ್ಟಿ ಮಣ್ಣು ಜಡಿದ ಜಾಗದಲ್ಲಿ ನಿಂತು, ಕಾಲಿನಿಂದ ಒತ್ತಿ ನೋಡಿ, ಸಲಿಕೆ ಹಾಕಿದಳು. ಎರಡು ಮೂರು ಏಟಿಗೆ ಒಂದು ಸಣ್ಣ ಬಾಯಿ ತೆರೆಯಿತು. ನೀರು ಮೊದಲು ಅನುಮಾನಿಸಿತು. ಆಮೇಲೆ ಮೆಲ್ಲಗೆ ಹೊರಟಿತು, ಮೋಡಗಳನ್ನೂ ಮನೆಗಳನ್ನೂ ಮಡಚಿಕೊಂಡು ಹಳ್ಳಕ್ಕೆ ಇಳಿಯತೊಡಗಿತು. ಅದರ ಹಿಂದೆಯೇ ಮಳೆಯೂ ಬಂತು. ಎಲ್ಲರೂ ಅವರವರ ಹೊಸ್ತಿಲಿನಲ್ಲಿ ನಿಂತು ನೋಡಿದರು. ಮೇಲಿಂದ ಬಿದ್ದಷ್ಟೂ ಕೆಳಗೆ ಹೋಯಿತು. ಒಂದು ಬೆರಳು ನಾಕು ಬೆರಳಾಯಿತು, ನಾಕು ಬೆರಳು ಗೇಣಾಯಿತು.

"ಹಳ್ಳ ಏರಿದ್ರ ಮುಚ್ಚಬೇಕು, ಇಳಿದ್ರ ತಗೀಬೇಕು. ಮಣ್ಣಿಲೆ ಆಗಂಗಿಲ್ಲ, ಇಸ್ಮಾಯಿಲಣ್ಣ. ಇದಕ್ಕೊಂದು ಕಬ್ಬಿಣದ ತಗಡಿನ ಬಾಗಲಾ ಮಾಡಿಕೊಡ್ರಿ" ಎಂದಳು ಶಿವಬಸಮ್ಮ, ಮಳೆಯಲ್ಲಿ ತೊಯ್ಯುತ್ತ.

"ನಾಳಿಗೇ ಮಾಡ್ತೀನಿ ಅಕ್ಕಾ" ಎಂದ ಇಸ್ಮಾಯಿಲ್‌ಸಾಬ್.

ರಸ್ತೆಯ ಮೇಲಿನ ಆಟೊದವನು ಎರಡು ಸಲ ಹಾರ್ನ್ ಹೊಡೆದ. ಯಾರೂ ತಿರುಗಲಿಲ್ಲ. ಜಂಬಣ್ಣನಿಗೆ ಕೇಳಿಸಿತು, ಆದರೆ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ. ಶಿವಬಸಮ್ಮ ಕೆಸರು ಮೆತ್ತಿದ ಕಾಲಲ್ಲೇ ಓಣಿ ದಾಟಿ, ಅಂಗಳದಲ್ಲಿ ಕಾಲು ತೊಳೆದುಕೊಂಡು, ಹೊಸ್ತಿಲು ದಾಟಿ ಒಳಗೆ ಹೋದಳು. ಜಂಬಣ್ಣ ಹೊರಗೇ ನಿಂತ. ಒಳಗೆ ಅವಳು ನಡೆದಾಡುವ ಸಪ್ಪಳ ಕೇಳಿಸುತ್ತಿತ್ತು. ಅಡಿಗೆಮನೆಗೆ ಹೋದಳು, ದೇವರ ಜಗುಲಿಯ ಹತ್ತಿರ ನಿಂತಳು, ಏನೋ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದಳು. ಅವನು ನೆಲ ಇನ್ನೊಮ್ಮೆ ಒರೆಸಿಡಬೇಕಿತ್ತೇ ಎಂದು ಯೋಚಿಸಿದ.

ಅವಳು ಬಾಗಿಲಿಗೆ ಬಂದಳು.

"ಇಷ್ಟು ನೀರು ಇಟಗೊಂಡು ಕುಂತೀರಿ, ಮನ್ಯಾಗ ಕುಡ್ಯಾಕ ಒಂದು ತಂಬಿಗಿ ನೀರಿಲ್ಲ. ಹೋಗ್ರಿ, ಫಿಲ್ಟರ್ ನೀರು ತಗೊಂಡು ಬರ್ರಿ."

ಜಂಬಣ್ಣ ಒಳಗೆ ಬಂದು, ದಿನದ ರೂಢಿಯಂತೆ ಒಂದು ಕೊಡ ಎತ್ತಿಕೊಂಡ. ಒಂದು ವರ್ಷದಿಂದ ಆ ಮನೆಗೆ ಒಂದು ಕೊಡ ಸಾಕಾಗುತ್ತಿತ್ತು.

"ಒಂದರಾಗ ಏನಾಗ್ತೈತಿ?" ಎಂದಳು ಶಿವಬಸಮ್ಮ. "ಎರಡೂ ತಗೊಂಡು ಹೋಗ್ರಿ."

ಜಂಬಣ್ಣ ಎರಡು ಕೊಡಗಳನ್ನು ಎರಡು ಕಂಕುಳಲ್ಲಿ ಹಿಡಿದು, ಮಳೆಯಲ್ಲಿ, ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂದು ಹೆದರಿ, ಬಹಳ ನಿಧಾನವಾಗಿ ನಡೆಯುತ್ತ ಹೋದ.